ಉಸ್ತಾದರಿಗೆಂದು ಹೊಡೆದ ಹುಲ್ಲೆ

ಉಸ್ತಾದರು ಹಾಸಿಗೆ ಹಿಡಿದ ಮೇಲೆ ಅಂಗಡಿಯ ಬಾಗಿಲನ್ನು ನಾನೇ ತೆಗೆಯುತ್ತಿದ್ದೆ. ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುವುದು, ಕಸ ಗುಡಿಸುವುದು, ನೀರು ಚಿಮುಕಿಸುವುದು, ಅವರು ಕೂರುತ್ತಿದ್ದ ಗೋಣಿತಾಟನ್ನು ಕೊಡವಿ ಮತ್ತೆ ಅದೇ ಮೂಲೆಗೆ ಹಾಸುವುದು. ಕೂರುವವರು ಬರುವುದಿಲ್ಲ ಎಂದು ಗೊತ್ತಿದ್ದರೂ ಹಾಸುತ್ತಿದ್ದೆ.

ಶಿರಾ ಪೇಟೆಯ ಆ ಸಣ್ಣ ಅಂಗಡಿಗೆ ಸುತ್ತಲ ಹಳ್ಳಿಗಳಿಂದ ಬಂದೂಕುಗಳು ರಿಪೇರಿಗೆ ಬರುತ್ತಿದ್ದವು. ಹೆಚ್ಚಿನವು ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ, ಬಾಯಿಯಿಂದ ಮದ್ದು ತುಂಬುವ ಹಳೆಯ ಒಂಟಿನಳಿಗೆಗಳು. ಕಬ್ಬಿಣದ ಕೆಲಸವೆಲ್ಲ ಉಸ್ತಾದರದು. ಹೆಗಲಿಗೆ ಕೊಡುವ ಮರದ ಭಾಗಕ್ಕೆ ಅವರ ಮನೆ ಮಾತಿನಲ್ಲಿ ಕುಂದ ಎನ್ನುತ್ತಿದ್ದರು, ಅದು ನನ್ನದು. ಜಾತಿಯಲ್ಲಿ ನಾನು ಬಡಗಿಯಲ್ಲ. ಬುಕ್ಕಾಪಟ್ಟಣದ ಕಡೆಯ ಒಕ್ಕಲು ಮನೆಯವನು, ಕೈಗೆ ಮರ ಒಲಿದಿತ್ತು ಅಷ್ಟೆ. ಆದರೂ ಉಸ್ತಾದರು ನನ್ನನ್ನು ಬಡಗಿ ಎಂದೇ ಕರೆಯುತ್ತಿದ್ದರು. ಆಣೆ ಹೋಗಿ ನಯಾಪೈಸೆ ಬಂದಿತ್ತು, ಜನರ ಬಾಯಲ್ಲಿ ಮಾತ್ರ ಇನ್ನೂ ಆಣೆಯೇ ಓಡಾಡುತ್ತಿತ್ತು, ಆ ಕಾಲ. ಲೈಸೆನ್ಸ್ ಇದ್ದವನು ಆಗ ಬೇಟೆಗೆ ಹೋಗಬಹುದಿತ್ತು. ಈಗ ಅದೇ ಗುಡ್ಡದಲ್ಲಿ ಹುಲ್ಲೆಯ ಮೇಲೆ ಕಲ್ಲೆಸೆದರೂ ಕೇಸಾಗುತ್ತದೆ. ಆಗಬೇಕಾದ್ದೇ.

ಅವರ ಗಂಟಲಿನ ಕೆಳಗೆ ಏನೋ ಬೆಳೆದಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ಅವರ ಅಳಿಯ ವಾಪಸು ಬಂದಾಗ ಯಾರ ಮುಖವನ್ನೂ ನೋಡದೆ, ಕೇಳಿದ್ದನ್ನು ಕೊಡಿ ಅಂದರು ಡಾಕ್ಟರು ಎಂದು ಹೇಳಿದ್ದರು. ಕೊಡಲು ಮನೆಯವರು ಕಾದಿದ್ದರು, ಆದರೆ ಉಸ್ತಾದರು ಏನನ್ನೂ ಕೇಳಲಿಲ್ಲ. ರಾಗಿ ಗಂಜಿ ಸೋಸಿ ಕೊಟ್ಟರೆ ನಾಲ್ಕು ಗುಟುಕು, ಅದೂ ಅಮ್ಮನ ಒತ್ತಾಯಕ್ಕೆ. ಅವರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ.

ಆ ಅಮ್ಮ ಒಂದು ದಿನ ಬೆಳಿಗ್ಗೆ ಅಂಗಡಿಗೇ ಬಂದರು. ಅಷ್ಟು ವರ್ಷದಲ್ಲಿ ಅವರು ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಹೆದರಿ ಎದ್ದು ನಿಂತೆ. ಬುರ್ಖಾದ ಮುಸುಕನ್ನು ಅರ್ಧ ಎತ್ತಿದಾಗ ನೋಡಿದರೆ ಅವರ ಮುಖದಲ್ಲಿ ನಗುವಿತ್ತು.

"ಮಗಾ, ಅವ್ರು ಬಾಯ್ಬುಟ್ಟು ಕೇಳವ್ರೆ. ಹುಲ್ಲೆ ಬಾಡಿನ ಸಾರು ಬೇಕಂತೆ" ಅಂದರು.

ಬಾಡು ಅಗಿದು ನುಂಗುವ ಸ್ಥಿತಿ ಅವರದಲ್ಲ ಎಂದು ಅಮ್ಮನಿಗೂ ಗೊತ್ತಿತ್ತು. ಮೂಳೆ ಬೇಯಿಸಿ, ಬಸಿದು, ಬರಿಯ ರಸ ಕೊಡುತ್ತೇನೆ ಎಂದರು. ತಿಂಗಳುಗಟ್ಟಲೆಯಲ್ಲಿ ಆ ಮನುಷ್ಯ ತಾನಾಗಿ ಬಯಸಿದ್ದು ಅದೊಂದೇ. ಬಾಡಿನ ಅಂಗಡಿಯಲ್ಲಿ ಹುಲ್ಲೆ ಸಿಗುವುದಿಲ್ಲ. ಮೊದಲಾದರೆ ಉಸ್ತಾದರೇ ಹೊಡೆದು ತರುತ್ತಿದ್ದರು. ಅವರ ಜೊತೆಗಾರರಲ್ಲಿ ಒಬ್ಬರಿಗೆ ಕಣ್ಣು ಹೋಗಿತ್ತು, ಇನ್ನೊಬ್ಬರು ಮಗನ ಜೊತೆ ಹಿಂದೂಪುರಕ್ಕೆ ಹೋಗಿದ್ದರು. ಉಳಿದವನು ನಾನು.

ನಾನು ಎಂಥ ಬೇಟೆಗಾರ ಎನ್ನುವುದು ಪೇಟೆಗೆಲ್ಲ ಗೊತ್ತಿದ್ದ ವಿಷಯ. ಉಸ್ತಾದರ ಜೊತೆ ಮದ್ದಿನ ಚೀಲ ಹೊತ್ತು ಎಷ್ಟೋ ಸಲ ಹೋಗಿದ್ದೆ. ಅವರು ಪಕ್ಕದಲ್ಲಿ ನಿಂತು ಹೊಡೆಸಿದಾಗಲೆಲ್ಲ ಗುಂಡು ಬೇರೆಲ್ಲಿಗೋ ಹೋಗಿತ್ತು. ಒಮ್ಮೆಯಂತೂ ಮೊಲ ಕೂತಲ್ಲೇ ಕೂತಿದ್ದು, ಅದರ ಹಿಂದಿನ ಬೇವಿನ ಮರದಿಂದ ಸಿಪ್ಪೆ ಹಾರಿತ್ತು. ಆಮೇಲೆ ಯಾರು ಬಂದರೂ ಉಸ್ತಾದರು ನನ್ನನ್ನು ತೋರಿಸಿ, ಇವನ ಗುಂಡಿಗೆ ಬೇವಿನ ಮರ ಅಂದ್ರೆ ಬಲು ಪಿರೂತಿ ಎಂದು ಹೇಳಿ ನಗುತ್ತಿದ್ದರು.

ಅಂದು ಸಂಜೆ ಅವರ ಮಂಚದ ಹತ್ತಿರ ಹೋಗಿ ಕೂತೆ. ಮೈಯೆಲ್ಲ ಇಳಿದುಹೋಗಿ ಕೈಗಳಷ್ಟೇ ಮೊದಲಿನ ಕೈಗಳಾಗಿ ಉಳಿದಿದ್ದವು. ಗೋಡೆಗೆ ತೂಗುಹಾಕಿದ್ದ ತಮ್ಮ ಬಂದೂಕನ್ನು ಕಣ್ಣಿನಲ್ಲೇ ತೋರಿಸಿದರು. ಬೇಡ, ನಮ್ಮಪ್ಪನದೇ ಒಂದು ಊರಿನಲ್ಲಿದೆ, ಲೈಸೆನ್ಸಿನಲ್ಲಿ ನನ್ನ ಹೆಸರೂ ಇದೆ ಎಂದೆ. ಆಗಲಿ, ಕೈಗೆ ಒಗ್ಗಿದ್ದೇ ಒಳ್ಳೆಯದು ಎಂದರು. ಆಮೇಲೆ ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸುತ್ತ, ಮೊದಲೆಷ್ಟೋ ಸಲ ಹೇಳಿದ್ದನ್ನೇ ಮತ್ತೆ ಹೇಳಿದರು. ಹುಲ್ಲೆಗೆ ನೀರು ಬೇಕಿಲ್ಲ, ಅದಕ್ಕೇ ಹೊಂಡದ ಹತ್ತಿರ ಕಾಯಬೇಡ. ಬಾಲ ನೋಡಿಕೋ, ಮೈಯೆಲ್ಲ ನೆಲದ ಬಣ್ಣ ಇದ್ದರೂ ಬಾಲ ಕಪ್ಪು, ಅದು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಮುಂಗಾಲು ನೆಲಕ್ಕೆ ಕುಟ್ಟಿ ಮೂಗಿನಲ್ಲಿ ಸೀನಿತು ಅಂದರೆ ಮುಗಿಯಿತು, ಓಡಿತು ಎಂದೇ ಲೆಕ್ಕ.

ಕೊನೆಗೆ ನನ್ನ ಮಣಿಕಟ್ಟು ಹಿಡಿದು, "ಭುಜಕ್ಕೆ ಹೊಡಿ ಬಡಗಿ. ಭುಜ ಗುಂಡಿಂದು, ಕುತ್ತಿಗೆ ಚಾಕೂದು. ಮರೀಬ್ಯಾಡ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಮನೆಯಲ್ಲಿ ತಿನ್ನುವ ಪ್ರಾಣಿಯನ್ನು ಅದರಲ್ಲಿ ಜೀವ ಇರುವಾಗಲೇ ದೇವರ ಹೆಸರು ಹೇಳಿ ಕುತ್ತಿಗೆ ಕೊಯ್ಯಬೇಕು. ಹಾಗೆ ಕೊಯ್ದರೆ ಹಲಾಲ್. ಗುಂಡಿಗೇ ಸತ್ತು ಬಿದ್ದದ್ದು ಅವರ ಪಾಲಿಗೆ ಹೆಣ, ಎಷ್ಟೇ ಹಸಿವಾದರೂ ಬಾಯಿಗಿಡುವಂತಿಲ್ಲ. ಕುತ್ತಿಗೆಗೆ ಗುಂಡು ಬಿದ್ದರೆ ತಕ್ಷಣ ಪ್ರಾಣ ಹೋಗಬಹುದು. ಭುಜದ ಮೂಳೆಗೆ ಪೆಟ್ಟು ಬಿದ್ದರೆ ಹುಲ್ಲೆ ಅಲ್ಲೇ ಕುಸಿಯುತ್ತದೆ, ಉಸಿರು ಮಾತ್ರ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಚಾಕು ಹಿಡಿದವನು ಓಡಿ ಮುಟ್ಟಬೇಕು. ಉಸ್ತಾದರು ತಾವೇ ಹೊಡೆದು ಬಂದೂಕನ್ನು ನನ್ನ ಕೈಗೆ ಎಸೆದು ತಾವೇ ಓಡುತ್ತಿದ್ದರು. ನಾನು ಹೊಡೆಯಬಹುದು, ಕೊಯ್ಯುವುದು ನನ್ನ ಕೈಯಲ್ಲಿ ಆಗುವುದಲ್ಲ. ಹಾಗಾಗಿ ಅಳಿಯ ನನ್ನ ಜೊತೆಗೆ ಹೊರಟರು.

ಅಳಿಯ ಪೇಟೆಯಲ್ಲಿ ದರ್ಜಿ. ನನಗಿಂತ ನಾಲ್ಕು ವರ್ಷ ದೊಡ್ಡವರು, ದಪ್ಪ ಮೈ, ಕೂತು ಮಿಷನ್ ತುಳಿದು ಅಭ್ಯಾಸವೇ ಹೊರತು ಗುಡ್ಡ ಹತ್ತಿ ಅಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಮ್ಮೂರಿಗೆ ಕರೆದುಕೊಂಡು ಹೋದೆ. ಏರಿನಲ್ಲೆಲ್ಲ ಇಳಿದು ತಳ್ಳಿದರು. ನಮ್ಮಮ್ಮ ಅವರಿಗೆಂದು ಜಗುಲಿಯಲ್ಲಿ ಹೊಸ ಚಾಪೆ ಹಾಸಿದಳು. ಅಪ್ಪ ಬಂದೂಕು ತಂದು ಕೊಟ್ಟು, ನಿನ್ನ ಕೈಯಲ್ಲಾದರೂ ಇದು ಸದ್ದು ಮಾಡಲಿ ಎಂದ.

ಮೊದಲ ಬೆಳಿಗ್ಗೆ ಗಾಳಿ ಕೆಡಿಸಿತು. ಮುಷ್ಟಿಯಲ್ಲಿ ಪುಡಿಮಣ್ಣು ಹಿಡಿದು ಬಿಟ್ಟು ನೋಡಿಯೇ ಹೊರಟಿದ್ದೆ. ಮಣ್ಣು ನಮ್ಮ ಮುಖದ ಕಡೆಗೇ ಬರುತ್ತಿತ್ತು, ಅಂದರೆ ಸರಿ. ಊರ ಹೊರಗಿನ ಹುರುಳಿ ಹೊಲ ದಾಟಿ ಕಗ್ಗಲಿ ಮರಗಳ ಇಳಿಜಾರಿಗೆ ಬರುವ ಹೊತ್ತಿಗೆ ಗಾಳಿ ತಿರುಗಿತು. ದೂರದಲ್ಲಿ ಬಾಲಗಳು ಕಂಡವು, ಕಂಡ ಹಾಗೇ ಮಾಯವಾದವು. ಮೇಲಾಗಿ ಅಳಿಯ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮದುವೆಗೆ ಬಂದಿದ್ದೀರಾ ಎಂದು ಕೇಳಿದ್ದಕ್ಕೆ, ಮನೆಯಲ್ಲಿರೋದೆಲ್ಲ ಗಿರಾಕಿಗಳ ಬಟ್ಟೆ ಭಾಯ್, ನಂದು ಇದೊಂದೇ ಎಂದರು. ಅವತ್ತಿನಿಂದ ಅಪ್ಪನ ಕಂಬಳಿ ಹೊದ್ದುಕೊಂಡೇ ನಡೆದರು. ಕಾರೆ ಮುಳ್ಳಿಗೆ ನನ್ನ ಅಂಗಿಯ ತೋಳು ಹರಿದಿತ್ತು. ಬಿಸಿಲೇರಿ ಇನ್ನು ಹುಲ್ಲೆ ಹೊರಗೆ ಬರುವುದಿಲ್ಲ ಎನ್ನುವಾಗ ಬಂಡೆಯ ನೆರಳಲ್ಲಿ ಕೂತು, ಕಾಲರಿನ ಒಳಗೆ ಸಿಕ್ಕಿಸಿಟ್ಟಿದ್ದ ಸೂಜಿ ತೆಗೆದು ಅದನ್ನು ಹೊಲಿದುಕೊಟ್ಟರು. ಹೊಲಿಗೆ ಎಲ್ಲಿ ಹಾಕಿದ್ದಾರೆ ಎಂದು ಹುಡುಕಬೇಕು, ಹಾಗಿತ್ತು.

ಎರಡನೆಯ ಬೆಳಿಗ್ಗೆ ಹುಲ್ಲೆ ಸಿಕ್ಕಿತು, ಬಂದೂಕು ಕೈಕೊಟ್ಟಿತು. ಒಂಟಿ ಗಂಡು, ಪಕ್ಕ ತಿರುಗಿ ನಿಂತಿತ್ತು, ಭುಜ ತೆರೆದ ಪುಸ್ತಕದಂತಿತ್ತು. ಕುದುರೆ ಎಳೆದೆ. ಮದ್ದಿಗೆ ಕಿಡಿ ಕೊಡುವ ಕೇಪು ಟಿಕ್ ಎಂದು ಒಡೆಯಿತೇ ಹೊರತು ಒಳಗಿನ ಮದ್ದು ಹೊತ್ತಲಿಲ್ಲ. ಆ ಸಣ್ಣ ಸದ್ದಿಗೇ ಅದು ಕಿವಿ ತಿರುಗಿಸಿ ಹಾರಿಹೋಯಿತು. ಬಿಚ್ಚಿ ನೋಡಿದರೆ ಕೇಪು ಕೂರುವ ಕೊಳವೆಯ ತೂತಿನಲ್ಲಿ ಎಣ್ಣೆ ನಿಂತಿತ್ತು. ಅಂಗಡಿಯವನಲ್ಲವೇ, ಹೊರಡುವ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಪ್ರೀತಿಯಿಂದ ಎಣ್ಣೆ ಹಾಕಿ ಒರೆಸಿದ್ದೆ. ಗಿರಾಕಿಗಳಿಗೆ ಕೊಡುವಾಗ ಹಾಗೇ ಮಾಡುತ್ತಿದ್ದೆವು. ಅಳಿಯ ಕಾಲರಿನ ಸೂಜಿಯನ್ನು ತೆಗೆದು ಕೊಟ್ಟರು. ಅದೇ ಸೂಜಿಯಲ್ಲಿ ತೂತು ಬಿಡಿಸಿ, ನಳಿಗೆಯೊಳಗಿದ್ದ ಗುಂಡನ್ನು ಹೊರಕ್ಕೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಬರಿಯ ಮದ್ದು ಹಾಕಿ ಒಂದು ಸಲ ಗಾಳಿಗೆ ಸುಟ್ಟು ಒಣಗಿಸಿದೆ. ಆ ಸದ್ದಿಗೆ ಗುಡ್ಡದ ಈ ಕಡೆ ಇದ್ದಬದ್ದವೆಲ್ಲ ಓಡಿಹೋಗಿರಬೇಕು.

ಅಂದು ಮಧ್ಯಾಹ್ನ ಶಿರಾ ಸಂತೆಯಿಂದ ಬಂದ ನಮ್ಮೂರಿನವನೊಬ್ಬ, ಉಸ್ತಾದರು ಗಂಜಿಯನ್ನೂ ಬೇಡ ಅಂತಿದಾರಂತೆ, ಹುಲ್ಲೆ ಸಾರು ಬರ್ತದೆ ತಡಿ ಅಂತ ಕಾಯ್ತಿದಾರಂತೆ ಎಂದು ಹೇಳಿ ಹೋದ. ಅಳಿಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟರು. ನಾಳೆ ಆಚೆ ಗುಡ್ಡಕ್ಕೆ ಹೋಗೋಣ ಎಂದೆ. ಅಲ್ಲಿಗೆ ದನದವರೂ ಹೋಗುವುದಿಲ್ಲ. ದೂರ, ಬರಿಯ ಕಲ್ಲು, ಹೊತ್ತು ತರುವುದು ಕಷ್ಟ. ಆದರೆ ನಮ್ಮ ಸದ್ದು ಕೇಳಿದ ಹುಲ್ಲೆಗಳು ಹೋಗಿ ಸೇರಿಕೊಳ್ಳುವುದು ಅಲ್ಲಿಯೇ.

ಮಸುಕು ಹರಿಯುವ ಮುನ್ನ ಹೊರಟು, ಕಣ್ಣಿಗೆ ಗಿಡ ಗಿಡವಾಗಿ ಕಾಣುವ ಹೊತ್ತಿಗೆ ಆ ಗುಡ್ಡದ ನೆತ್ತಿಯ ಬಂಡೆಗಳ ಹಿಂದೆ ಇದ್ದೆವು. ಮದ್ದನ್ನು ಕೊಂಬಿನ ಅಳತೆಯಲ್ಲಿ ಹಾಕಿ, ತೆಂಗಿನ ನಾರು ತುರುಕಿ, ಸೀಸದ ಒಂದೇ ಗುಂಡು ಇಳಿಸಿ, ಮತ್ತೆ ನಾರು ಹಾಕಿ ಗಜದ ಕಡ್ಡಿಯಿಂದ ಗಟ್ಟಿಸಿದ್ದೆ. ಸಣ್ಣ ಚರೆ ಹಾಕಿದ್ದರೆ ತಾಗುವುದು ಖಂಡಿತ, ಆದರೆ ಗಾಯವಾಗಿ ಓಡಿ ಎಲ್ಲೋ ಸಾಯುತ್ತದೆ. ಉಸ್ತಾದರಿಗೆ ಅದು ಆಗದು. ಗಾಳಿ ಕೆಳಗಿನಿಂದ ನಮ್ಮ ಮುಖಕ್ಕೆ ಬರುತ್ತಿತ್ತು. ಚಳಿಗೆ ಅಳಿಯನ ಹಲ್ಲು ಕಟಕಟ ಅನ್ನುತ್ತಿದ್ದವು. ಅವರು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡರು.

ಕೆಳಗಿನ ಇಳಿಜಾರಿನಲ್ಲಿ ಮೊದಲು ಬಾಲ ಕಂಡಿತು. ಕಪ್ಪು ಬಾಲ, ಈಚೆ ಆಚೆ. ಆಮೇಲೆ ಅದರ ಸುತ್ತ ಮೈ ಮೂಡಿತು, ಆ ಮೈಯ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು. ಹೊಟ್ಟೆ ಎಳೆಯುತ್ತ ತಂಗಡಿ ಗಿಡಗಳ ನಡುವೆ ಇಳಿದೆವು. ಕಲ್ಲು ಉರುಳದ ಹಾಗೆ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ ಮೊಣಕೈ ಊರುವುದು. ಹಿಂದೆ ತಿರುಗಿ ನೋಡಿದಾಗ ಆ ದಪ್ಪ ಮನುಷ್ಯ ನನಗಿಂತ ಸದ್ದಿಲ್ಲದೆ ಬರುತ್ತಿದ್ದರು. ಬಲಗೈಯಲ್ಲಿ ಚಾಕು ಆಗಲೇ ಬಿಚ್ಚಿತ್ತು. ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರಕ್ಕೆ ಬಂದು, ಒಂದು ಹುತ್ತದ ಮೇಲೆ ನಳಿಗೆ ಊರಿದೆ.

ಮುಂದಿದ್ದದ್ದು ಗಂಡು. ನಮ್ಮ ಕಡೆಗೇ ಮುಖ ಮಾಡಿತ್ತು. ಅದರ ಮುಂದೆ, ನಮ್ಮ ಕಡೆ ಬಂದರೆ ಎನ್ನುವ ಪೊದೆಗಿಡವೊಂದು ದಟ್ಟವಾಗಿ ಬೆಳೆದಿತ್ತು. ಎದೆ, ಭುಜ, ಹೊಟ್ಟೆ ಎಲ್ಲ ಆ ಗಿಡದ ಹಿಂದೆ. ಮೇಲೆ ಕಂಡದ್ದು ಕೊಂಬು, ಮುಖ, ಉದ್ದ ಕುತ್ತಿಗೆ. ಕಾದೆ. ಎರಡು ಹೆಜ್ಜೆ ಎಡಕ್ಕೆ ಬಂದರೆ ಭುಜ ಸಿಗುತ್ತದೆ. ಅದು ಬಾಯಾಡಿಸುತ್ತ ನಿಂತಿತ್ತು. ನನ್ನ ಕೆನ್ನೆ ಕುಂದದ ಮೇಲೆ ಮರಗಟ್ಟಿಹೋಗಿತ್ತು. ಇನ್ನೂ ಕಾದೆ. ಬಾಯಾಡುವುದು ನಿಂತಿತು. ಕಿವಿ ಎರಡೂ ನಮ್ಮ ಕಡೆಗಾದವು. ಮುಂಗಾಲು ಎತ್ತಿ ನೆಲಕ್ಕೆ ಕುಟ್ಟಿತು. ನೆಲದ ಮೂಲಕ ನನ್ನ ಮೊಣಕೈಗೆ ಗೊತ್ತಾಯಿತೋ ಎನ್ನುವ ಹಾಗೆ. ಆಮೇಲೆ ಮೂಗಿನಿಂದ ಸಣ್ಣಗೆ ಸೀನಿತು.

ಇನ್ನು ಯೋಚಿಸಲು ಹೊತ್ತಿರಲಿಲ್ಲ ಎಂದು ಹೇಳಿದರೆ ಸರಿಯಾಗುವುದಿಲ್ಲ. ಒಂದು ಯೋಚನೆ ಮಾಡುವಷ್ಟು ಹೊತ್ತಿತ್ತು. ಇದು ಹೋದರೆ ಈ ಗುಡ್ಡವೂ ಖಾಲಿ, ಶಿರಾದಲ್ಲಿ ಗಂಜಿ ಬಿಟ್ಟು ಕಾಯುತ್ತಿರುವವರಿಗೆ ಇನ್ನೊಂದು ಬೆಳಿಗ್ಗೆ ಇದೆಯೋ ಇಲ್ಲವೋ. ಕುತ್ತಿಗೆಯ ಬುಡಕ್ಕೆ ಹೊಡೆದರೂ ಒಂದೆರಡು ಉಸಿರು ಉಳಿದೀತು, ಅಳಿಯ ಪಕ್ಕದಲ್ಲೇ ಇದ್ದಾರೆ. ನಳಿಗೆಯ ತುದಿಯ ಮಣಿಯನ್ನು ಕುತ್ತಿಗೆ ಗಿಡದೊಳಗೆ ಇಳಿಯುವ ಜಾಗಕ್ಕೆ ತಂದು ಕುದುರೆ ಎಳೆದೆ.

ಹೊಗೆಯಲ್ಲಿ ಏನೂ ಕಾಣಲಿಲ್ಲ. ಹೊಗೆಯನ್ನು ಸೀಳಿಕೊಂಡು ಅಳಿಯ ನನ್ನ ತಲೆಯ ಮೇಲಿಂದಲೇ ಹಾರಿದ ಹಾಗೆ ಹಾರಿ ಓಡಿದರು. ದೇವರ ಹೆಸರನ್ನು ಓಡುತ್ತಲೇ ಹೇಳಲು ಶುರುಮಾಡಿದ್ದರು. ಕಂಬಳಿ ಮುಳ್ಳಿಗೆ ಸಿಕ್ಕಿ ಹಿಂದೆ ಉಳಿಯಿತು. ನಾನು ಎದ್ದು ಓಡಿದೆ. ಅವರು ಆಗಲೇ ಗಿಡದ ಆಚೆ ಮೊಣಕಾಲೂರಿ ಕೂತಿದ್ದರು, ಎಡಗೈಯಲ್ಲಿ ಕೊಂಬು, ಬಲಗೈಯಲ್ಲಿ ಚಾಕು. ಚಾಕು ಕುತ್ತಿಗೆಯ ಮೇಲೆ ನಿಂತಿತ್ತು.

ಹುಲ್ಲೆ ನಿಂತಲ್ಲೇ ಬಿದ್ದಿತ್ತು. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ, ಕಾಲು ಕೆದರಿದ ಗುರುತೂ ಮಣ್ಣಿನಲ್ಲಿರಲಿಲ್ಲ. ಅಳಿಯ ಚಾಕು ಕೆಳಗಿಟ್ಟು ಅಂಗೈಯನ್ನು ಅದರ ಮೂಗಿಗೆ ಹಿಡಿದರು. ಒಂದು ಹುಲ್ಲುಕಡ್ಡಿ ಕಿತ್ತು ತೆರೆದಿದ್ದ ಕಣ್ಣಿನ ಅಂಚಿಗೆ ತಾಗಿಸಿದರು. ರೆಪ್ಪೆ ಮಿಸುಕಲಿಲ್ಲ. ಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ನಾನು ನಿಂತೇ ಇದ್ದೆ. ಮೈ ಇನ್ನೂ ಬಿಸಿಯಾಗಿತ್ತು. ಬಾಯಲ್ಲಿ ಅರ್ಧ ಅಗಿದ ಎಲೆ ಇತ್ತು.

ಅಷ್ಟು ವರ್ಷ ಗುರಿ ತಪ್ಪಿದ ನನ್ನ ಕೈ ಅವತ್ತು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಳಿಯ ಎದ್ದು ಕೂತರು. ಕಿವಿಗೆ ಹುಲ್ಲೆಯ ಕೂದಲು ಅಂಟಿತ್ತು. ನನ್ನ ಮುಖ ನೋಡದೆ, "ಜೀವ ಇತ್ತು, ಕಾಲು ಒದರ್ತು ಅಂತ ಹೇಳ್ಬೋದು ಭಾಯ್. ನೋಡ್ದೋರು ನಾವಿಬ್ರೇ" ಅಂದರು.

ಹೇಳಿ ಎಂದರೂ ತಪ್ಪು, ಬೇಡ ಎಂದರೂ ತಪ್ಪು. ಅದು ಅವರ ದೇವರಿಗೂ ಅವರಿಗೂ ಸಂಬಂಧಿಸಿದ್ದು. ಆದರೆ ಮಂಚದ ಮೇಲೆ ಕಾಯುತ್ತಿದ್ದವರು ನನ್ನ ಉಸ್ತಾದರೂ ಹೌದು. ನೀವು ಹೆಂಗೆ ಹೇಳಿದರೂ ನಾನು ಹಂಗೇ ಹೇಳ್ತೀನಿ ಭಾಯ್ ಎಂದೆ. ಅವರು ಚಾಕುವನ್ನು ಹುಲ್ಲಿಗೆ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡರು.

"ಐದು ಹೊತ್ತು ನಮಾಜ್ ಬುಡ್ದೇ ಇದ್ದೋರು ಅವ್ರು. ಹೋಗೋ ಕಾಲ್ದಾಗೆ ನಾನು ಅವ್ರ ಬಾಯಿಗೆ ಹೆಣ ಹಾಕ್ಲಾ?" ಎಂದು ಹೇಳಿ, ತಲೆಯನ್ನು ಎರಡೂ ಮೊಣಕಾಲ ನಡುವೆ ಇಟ್ಟು ಅತ್ತರು. ಬಿಸಿಲು ಬರುವವರೆಗೆ ನಾವು ಅಲ್ಲೇ ಕೂತಿದ್ದೆವು.

ಬಿಟ್ಟು ಬರುವ ಹಾಗಿರಲಿಲ್ಲ. ಕಾಲು ಕಟ್ಟಿ, ಬಿದ್ದ ಕೊಂಬೆಯೊಂದಕ್ಕೆ ಪೋಣಿಸಿ, ಮುಂದೆ ನಾನು, ಹಿಂದೆ ಅವರು ಹೊತ್ತು ಇಳಿದೆವು. ತಾವು ತಿನ್ನಲಾಗದ ಪ್ರಾಣಿಯನ್ನು ಅವರು ದಾರಿಯುದ್ದಕ್ಕೂ ಹೆಗಲು ಬದಲಿಸುತ್ತ ಹೊತ್ತರು.

ಊರಿನಲ್ಲಿ ಹಬ್ಬವಾಯಿತು. ಅಪ್ಪ ಹಟ್ಟಿಯಲ್ಲೆಲ್ಲ ಓಡಾಡಿ, ಒಂದೇ ಗುಂಡಂತೆ, ಕುತ್ಗೆಗಂತೆ, ಅಲ್ಲಾಡ್ಲಿಲ್ಲವಂತೆ ಎಂದು ಹೇಳಿಬಂದ. ಮೊದಲ ಬೇಟೆ ಹೊಡೆದವನಿಗೆ ಬಲದೊಡೆ, ಹೊತ್ತವನಿಗೆ ತಲೆ, ಉಳಿದದ್ದು ಮನೆಮನೆಗೆ ಸಮ ಗುಡ್ಡೆ. ಹೊತ್ತವರು ತಿನ್ನುವುದಿಲ್ಲವಾದ್ದರಿಂದ ತಲೆ ಯಾರಿಗೆ ಎಂದು ಇಬ್ಬರು ಮುದುಕರು ಜಗಳವಾಡಿದರು. ನಮ್ಮಮ್ಮ ಮಸಾಲೆ ಅರೆದಳು. ಮಧ್ಯಾಹ್ನ ಎಲ್ಲರೂ ಎಲೆ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು, ಏಕೆಂದರೆ ಹೊಡೆದವನು ಮೊದಲ ತುತ್ತೆತ್ತದೆ ಬೇರೆಯವರು ಕೈ ಹಾಕುವಂತಿಲ್ಲ. ಎತ್ತಿದೆ, ತುಟಿಗೆ ತಾಗಿಸಿದೆ, ಯಾರೂ ಕಾಣದ ಹಾಗೆ ಎಲೆಯ ಅಂಚಿಗೆ ಇಟ್ಟೆ. ಎಲ್ಲರೂ ಉಂಡರು. ಜಗುಲಿಯಲ್ಲಿ ಅಳಿಯ ಒಬ್ಬರೇ ಕೂತು ಹುಚ್ಚೆಳ್ಳು ಚಟ್ನಿಯಲ್ಲಿ ರೊಟ್ಟಿ ತಿಂದರು. ಒಳಗಿನ ನಗು ಅವರಿಗೆ ಕೇಳಿಸುತ್ತಿತ್ತು.

ಹೊತ್ತು ಇಳಿಯುವ ಮುಂಚೆ ಶಿರಾ ಮುಟ್ಟಿದೆವು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ನಮ್ಮ ಮುಖ ನೋಡುವ ಮೊದಲು ಸೈಕಲ್ಲಿನ ಕ್ಯಾರಿಯರ್ ನೋಡಿದರು. ಖಾಲಿ. ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ದಾರಿಯಲ್ಲೇ ಅಳಿಯ, ನೀವೇ ಹೇಳಿ ಭಾಯ್, ನನ್ನ ಬಾಯಲ್ಲಿ ಬರಕ್ಕಿಲ್ಲ ಎಂದಿದ್ದರು. ನಾನು ಮಂಚದ ಪಕ್ಕ ಕುಕ್ಕುರುಗಾಲಲ್ಲಿ ಕೂತೆ.

"ಹೊಡೆದ್ಯಾ?" ಉಸ್ತಾದರ ಧ್ವನಿ ಪಿಸುಮಾತಿನಷ್ಟಾಗಿತ್ತು.

"ಹೊಡ್ದೆ ಉಸ್ತಾದ್."

"ಎಲ್ಲಿಗೆ?"

"ಕುತ್ತಿಗೆಗೆ."

ಕಣ್ಣು ಮುಚ್ಚಿದರು. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ಆಮೇಲೆ ಭುಜ ಯಾಕೆ ಸಿಗಲಿಲ್ಲ ಎಂದು ಕೇಳಿದರು. ಬಂದರೆ ಗಿಡದ ಮಾತು ಹೇಳಿದೆ. ಕಾಯಬೇಕಿತ್ತು ಎಂದರು. ಕಾದೆ, ಕಾಲು ಕುಟ್ಟಿತು, ಸೀನಿತು ಎಂದೆ. ಹೊರಗೆ ಯಾರದೋ ಗಾಡಿ ಹೋಗಿ ಅದರ ಸದ್ದು ಪೂರ್ತಿ ಮುಗಿದ ಮೇಲೆ, ಅಂಗಾದ್ರೆ ಓಡೋಗ್ತಿತ್ತು ಬುಡು ಎಂದರು.

ಅಳಿಯನ ಕಡೆ ತಿರುಗಿದರು. "ಸುಳ್ಳು ಹೇಳ್ಬೋದಿತ್ತಲ್ಲಪ್ಪಾ ನೀನು."

"ಹೇಳ್ಬೋದಿತ್ತು ಮಾವ."

ಉಸ್ತಾದರು ಕೈಯೆತ್ತಿ ಅಳಿಯನ ತಲೆ ಮುಟ್ಟಲು ನೋಡಿದರು. ಕೈ ಅಷ್ಟು ಮೇಲೇರಲಿಲ್ಲ, ಅಳಿಯನೇ ತಲೆ ಬಗ್ಗಿಸಿದರು. ಆಮೇಲೆ ನನ್ನನ್ನು ನೋಡಿ, ಎಷ್ಟು ಹೆಜ್ಜೆ ಹಾಕ್ತು ಎಂದು ಕೇಳಿದರು. ಒಂದೂ ಇಲ್ಲ ಎಂದೆ. ಅವರ ತುಟಿಯ ಒಂದು ಮೂಲೆ ಅಲುಗಿತು. ನನಗೇ ಯಾವತ್ತೂ ಅಂಗ್ ಬೀಳ್ಲಿಲ್ಲ ಕಣ್ಲಾ, ಬೇವಿನ ಮರ ಬದುಕ್ಕೊಳ್ತು ಎಂದರು. ಅದು ಅವರ ಕೊನೆಯ ತಮಾಷೆ. ನನಗೆ ನಗಲು ಆಗಲಿಲ್ಲ.

ನಾಳೆಯೇ ಮತ್ತೆ ಹೋಗುತ್ತೇವೆ, ಈ ಸಲ ಭುಜ ಕಾಣದೆ ಹೊಡೆಯುವುದಿಲ್ಲ ಎಂದೆ. ಅಳಿಯನೂ ಹೂಂಗುಟ್ಟಿದರು. ಉಸ್ತಾದರು ತಲೆಯಾಡಿಸಿದರು.

"ನನ್ನ ಎರಡು ಗುಟುಕಿಗೆ ಎರಡು ಜೀವ ಬ್ಯಾಡ" ಎಂದರು. ಸ್ವಲ್ಪ ತಡೆದು, "ನೀನು ತಿಂದ್ಯಾ?" ಎಂದು ಕೇಳಿದರು.

ಇಲ್ಲ, ಗಂಟಲಲ್ಲಿ ಇಳಿಯಲಿಲ್ಲ ಎಂದೆ. ಹೇಳಿದ ಮೇಲೆ ಆ ಮಾತು ಯಾರ ಮುಂದೆ ಆಡಿದೆ ಎಂದು ಹೊಳೆಯಿತು. ಅವರಿಗೆ ಸಿಟ್ಟು ಬಂತು. ಹನ್ನೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೆ, ಕುಂದ ಸೀಳಿಹೋದಾಗಲೂ ಅವರು ನನ್ನ ಮೇಲೆ ಹಾಗೆ ಕಣ್ಣು ಬಿಟ್ಟಿರಲಿಲ್ಲ.

"ಕೊಂದ್ಬುಟ್ಟು ತಿನ್ನಕ್ಕಿಲ್ವಾ? ಅದೇನು ನಿನ್ನ ಬೇವಿನ ಮರವಾ? ಎದ್ದೋಗು. ಹೋಗಿ ತಿನ್ನು. ತಿಂದ್ಕಂಡು ಬಂದು ಹೆಂಗಿತ್ತು ನಂಗೆ ಹೇಳು."

ಅಷ್ಟು ಮಾತಿಗೆ ಅವರಿಗೆ ಉಸಿರುಗಟ್ಟಿತು. ಅಮ್ಮ ಬಂದು ಬೆನ್ನು ನೀವಿದರು. ಹೋಗಪ್ಪ, ಅವ್ರು ಹೇಳ್ದಂಗೆ ಮಾಡು ಎಂದರು.

ಬೆಳಗಾಗುತ್ತಲೇ ಊರಿಗೆ ಸೈಕಲ್ ತುಳಿದೆ. ನನ್ನ ಪಾಲಿನ ತೊಡೆಯನ್ನು ನಮ್ಮಮ್ಮ ಉಪ್ಪು ಅರಿಶಿನ ಸವರಿ ಸೂರಿನ ಕೆಳಗೆ ತೂಗುಹಾಕಿದ್ದಳು. ಸಾರು ಮಾಡು, ಮೂಳೆಯನ್ನೂ ಹಾಕು ಎಂದೆ. ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತಳು. ನಾನು ತಿಂದೆ. ತಿಂದು ಹೇಳಬೇಕಾಗಿದ್ದವನು, ಹಾಗಾಗಿ ಬಾಯಿಗೆ ಹೋದ ಒಂದೊಂದನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದೆ. ಅಷ್ಟು ಗಮನ ಕೊಟ್ಟು ನಾನು ಹಿಂದೆಯೂ ಉಂಡಿಲ್ಲ, ಆಮೇಲೂ ಉಂಡಿಲ್ಲ. 

ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಂಚದ ಪಕ್ಕದಲ್ಲಿದ್ದೆ. ಒಂದು ದಿನಕ್ಕೇ ಅವರು ಇನ್ನಷ್ಟು ಕುಗ್ಗಿದ್ದರು. ಬಾಯಿಗೆ ನೀರು ಕೂಡ ಅಮ್ಮ ಬಟ್ಟೆಯಲ್ಲಿ ಅದ್ದಿ ಹಿಂಡುತ್ತಿದ್ದರು. ನಾನು ಬಂದದ್ದು ಗೊತ್ತಾಗಿ ಕಣ್ಣು ತೆರೆದರು. ಹೆಂಗಿತ್ತು ಎಂದು ಕೇಳಲೂ ಧ್ವನಿ ಇರಲಿಲ್ಲ, ಹುಬ್ಬು ಎತ್ತಿದರು.

ಹೇಳಿದೆ. ಸಾರು ತೆಳ್ಳಗಿತ್ತು, ಮೇಲೆ ಎಣ್ಣೆ ತೇಲಲಿಲ್ಲ ಎಂದೆ. ಹುಲ್ಲೆಗೆ ನೆಣ ಇರುವುದಿಲ್ಲ ಎನ್ನುವ ಹಾಗೆ ಕಣ್ಣು ಮಿಟುಕಿಸಿದರು. ಮೊದಲು ಮೆಣಸು ಹತ್ತಿತು, ಆಮೇಲೆ ಕೊತ್ತಂಬರಿ ಬೀಜ, ಅದೆಲ್ಲ ಹೋದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಒಗರು ಉಳಿಯಿತು, ಅದು ಮಸಾಲೆಯದಲ್ಲ, ಹುಲ್ಲೆ ತಿಂದ ಸೊಪ್ಪಿನದು ಇರಬೇಕು ಎಂದೆ. ಹೌದು ಎಂದು ತಲೆಯಾಡಿಸಿದರು. ಬಾಡು ಕುರಿಯದರ ಹಾಗಲ್ಲ, ಕಪ್ಪು ಕೆಂಪು, ಎಳೆ ಎಳೆಯಾಗಿ ಬಿಡುತ್ತಿತ್ತು, ಬಿಸಿ ಇರುವಾಗ ಮೆತ್ತಗೆ, ಆರಿದರೆ ನಾರು ಎಂದೆ. ಮೂಳೆ ಎಂದು ತುಟಿಯಾಡಿಸಿದರು. ಚೀಪಿದೆ, ಒಳಗಿನದು ಬೆಣ್ಣೆಯ ಹಾಗೆ ಜಾರಿ ಬಂತು, ಸ್ವಲ್ಪ ಸಿಹಿ ಎಂದೆ. ಅವರು ನುಂಗಿದರು. ಗಂಟಲಿನ ಗಂಟು ಮೇಲೆ ಹೋಗಿ ಬಹಳ ಕಷ್ಟದಲ್ಲಿ ಕೆಳಗಿಳಿಯಿತು. ನಾನು ನಿಲ್ಲಿಸಿದೆ. ಹೇಳು ಎಂದು ಬೆರಳಾಡಿಸಿದರು. ಮುದ್ದೆಯ ಜೊತೆ ಹೇಗಿತ್ತು, ಬೆರಳಿಗೆ ಅಂಟಿದ್ದು, ಕೈ ತೊಳೆದ ಮೇಲೂ ಉಳಿದ ವಾಸನೆ, ನೆನಪಿದ್ದದ್ದೆಲ್ಲ ಹೇಳುತ್ತಲೇ ಹೋದೆ. ಅಳಿಯ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಎಷ್ಟೋ ಹೊತ್ತಾದ ಮೇಲೆ ಉಸ್ತಾದರು ಅಂಗೈಯನ್ನು ಹಾಸಿಗೆಯಿಂದ ಸ್ವಲ್ಪ ಎತ್ತಿ ನನ್ನ ಕಡೆಗೆ ಅಡ್ಡ ಹಿಡಿದರು, ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ.

"ಸಾಕು ಕಣ್ಲಾ" ಎಂದು ಉಸಿರಿನಲ್ಲೇ ಅಂದರು.

ಅಮ್ಮ ಎದ್ದು ಬಂದು ಸೆರಗಿನ ತುದಿಯಲ್ಲಿ ಅವರ ಬಾಯಿ ಒರೆಸಿದರು.